ಸ್ವಂತ ತಂಡದೊಳಗಿನ ಸಾಕ್ಷಿ

(ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಯುವ ಆಟಗಾರರು ಮತ್ತು ಅವರ ಹೆತ್ತವರನ್ನುದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ಇಲ್ಲಿಗೆ ಬರುವ ಮೊದಲು ನಾವು ಕೆರೆಯ ಒಡ್ಡಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆವು. 17ನೇ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹ್ ಕಟ್ಟಿಸಿದ ಕೆರೆಯದು. ಗೋಲ ಗುಮ್ಮಟದಲ್ಲಿ ಮಲಗಿರುವುದೂ ಅದೇ ಸುಲ್ತಾನ. ಆತನ ದರ್ಬಾರಿನ ಬಗ್ಗೆ ನಮ್ಮ ಮಕ್ಕಳಿಗೆ ನಾವು ಹೇಳದೆ ಬಿಟ್ಟಿರುವ ಒಂದು ಸಂಗತಿಯಿದೆ. ಆತನ ವಝೀರನೂ ಸೇನಾಪತಿಯೂ ಆಗಿದ್ದ ಇಖ್ಲಾಸ್ ಖಾನ್ ಒಬ್ಬ ಹಬಶಿ. ಆಫ್ರಿಕ ಮೂಲದ ಕಪ್ಪು ಮನುಷ್ಯ. ಸುಲ್ತಾನ ಮತ್ತು ಇಖ್ಲಾಸ್ ಖಾನ್ ಒಂದೇ ಆನೆಯ ಮೇಲೆ ಕುಳಿತು ಹೋಗುತ್ತಿರುವ ಚಿತ್ರವೊಂದನ್ನು ಆ ಕಾಲದ ಬಿಜಾಪುರದ ಚಿತ್ರಕಾರರು ಬರೆದಿದ್ದಾರೆ. ಸುಲ್ತಾನ ಮುಂದೆ, ವಝೀರ ಹಿಂದೆ. ಇಖ್ಲಾಸ್ ಖಾನನ ಮುಖದ ಕಪ್ಪನ್ನು ಅವರು ತಿಳಿಯಾಗಿಸಿಲ್ಲ, ಇದ್ದಂತೆಯೇ ಬರೆದಿದ್ದಾರೆ.

ಇಂದು ಇದೇ ಜಿಲ್ಲೆಯ ಓಣಿಗಳಲ್ಲಿ 'ಹಬಶಿ' ಎಂಬ ಶಬ್ದ ಯಾವಾಗ ಕೇಳಿಬರುತ್ತದೆ? ಕಪ್ಪಾಗಿರುವ ಹುಡುಗನನ್ನು ರೇಗಿಸುವಾಗ. ಹಬಶ ಎಂಬುದು ಅಬಿಸೀನಿಯಾದ ಹೆಸರು. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ನೀಡಿದ ನಾಡದು. ಆ ನಾಡಿನ ದೊರೆ ನಜ್ಜಾಶಿ ಶರಣು ಬಂದವರನ್ನು ಕುರೈಶರ ಕೈಗೊಪ್ಪಿಸಲು ನಿರಾಕರಿಸಿದನು. ಆ ಋಣವಿರುವ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಇದನ್ನು ಯಾವ ಶತ್ರುವೂ ನಮ್ಮಿಂದ ಮಾಡಿಸಲಿಲ್ಲ.

ಆಟಗಾರರ ಸಭೆಯಲ್ಲಿ ಇತಿಹಾಸವೇಕೆ ಎಂದು ಹಿಂದಿನ ಸಾಲಿನ ಹುಡುಗರು ಯೋಚಿಸುತ್ತಿರಬಹುದು. ವಿಷಯ ಆಟದ್ದೇ. ತಂಡದೊಳಗೆ, ಹೊರಗಿನವರಾರೂ ಇಲ್ಲದ ಕೋಣೆಯಲ್ಲಿ, ಜೊತೆಗಾರರೇ ಜೊತೆಗಾರನನ್ನು ಅವನ ಬಣ್ಣ, ಕುಲ, ಧರ್ಮ ಹಿಡಿದು ಕರೆಯುವುದರ ಕುರಿತು ಮಾತನಾಡಬೇಕಾಗಿದೆ. ದೊಡ್ಡ ತಂಡಗಳಿಗೆ ಅದು ಡ್ರೆಸ್ಸಿಂಗ್ ರೂಮ್. ನಮ್ಮ ಊರುಗಳಲ್ಲಿ ಬೇವಿನ ಮರದ ನೆರಳು, ಬ್ಯಾಟುಗಳ ಚೀಲ, ಒಂದು ಕೊಡ ನೀರು. ಮಾತು ಮಾತ್ರ ಎರಡೂ ಕಡೆ ಒಂದೇ.

2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದ ಬಳಿಕ ಜಗತ್ತಿನಾದ್ಯಂತ ಪ್ರತಿಭಟನೆ ಭುಗಿಲೆದ್ದಿತು. ಜೂನ್‌ನಲ್ಲಿ ವೆಸ್ಟ್ ಇಂಡೀಸಿನ ಮಾಜಿ ನಾಯಕ ಡ್ಯಾರೆನ್ ಸಾಮಿ ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ಎರಡು ಬಾರಿ ಟ್ವೆಂಟಿ-20 ವಿಶ್ವಕಪ್ ಗೆದ್ದ ತಂಡದ ನಾಯಕ ಅವರು. ಐಪಿಎಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ ಪರ ಆಡುತ್ತಿದ್ದಾಗ ತನ್ನನ್ನೂ ಶ್ರೀಲಂಕಾದ ತಿಸಾರ ಪೆರೇರರನ್ನೂ ತಂಡದಲ್ಲಿ 'ಕಾಲೂ' ಎಂದು ಕರೆಯುತ್ತಿದ್ದರೆಂದು ಅವರು ತಿಳಿಸಿದರು. ಬಲಶಾಲಿ ಎಂಬ ಅರ್ಥವಿರಬೇಕೆಂದು ಅವರು ಆಗ ಭಾವಿಸಿದ್ದರಂತೆ. ಆ ಶಬ್ದ ಬಂದಾಗಲೆಲ್ಲ ಸುತ್ತಲೂ ನಗು ಏಳುತ್ತಿತ್ತು, ಜೊತೆಗಾರರು ನಗುತ್ತಿದ್ದಾರಲ್ಲ ಎಂದು ಅವರೂ ಸಂತೋಷಪಟ್ಟಿದ್ದರು. ಅದರ ನಿಜವಾದ ಅರ್ಥ ತಿಳಿದದ್ದು ಆರು ವರ್ಷಗಳ ನಂತರ, ಒಂದು ಟೆಲಿವಿಷನ್ ಕಾರ್ಯಕ್ರಮ ನೋಡಿದಾಗ. ಆ ತಂಡದವರೊಬ್ಬರು 2014ರಲ್ಲಿ ಹಾಕಿದ್ದ ಒಂದು ಚಿತ್ರದ ಅಡಿಬರಹದಲ್ಲಿಯೂ ಅದೇ ಶಬ್ದವಿದ್ದುದು ಆಗ ಹೊರಬಿತ್ತು.

ಈ ನಗುವಿನ ಬಳಿ ಸ್ವಲ್ಪ ನಿಲ್ಲಬೇಕು. ಕರೆಸಿಕೊಂಡವನೂ ನಗುತ್ತಿದ್ದನಲ್ಲ, ಅವನಿಗೇ ಬೇಸರವಿಲ್ಲದ ಮೇಲೆ ತಪ್ಪೇನು ಎಂಬ ವಾದವನ್ನು ನಾವೆಲ್ಲರೂ ಮಾಡಿರುತ್ತೇವೆ. ತಂಡದಲ್ಲಿ ಹನ್ನೊಂದನೆಯವನಾಗಿ ಉಳಿಯಬೇಕಾದವನಿಗೆ ನಗದೆ ಬೇರೆ ದಾರಿ ಎಲ್ಲಿದೆ? ಸಿಟ್ಟಾದರೆ ಅಳುಬುರುಕ ಎನ್ನುತ್ತಾರೆ. ದೂರಿದರೆ ತಂಡ ಒಡೆಯುವವ ಎನ್ನುತ್ತಾರೆ. ಸಾಮಿಯವರು ಅರ್ಥ ತಿಳಿಯದೆ ನಕ್ಕರು, ನಮ್ಮ ಹುಡುಗರು ಅರ್ಥ ತಿಳಿದೇ ನಗುತ್ತಾರೆ.

ಅದೇ ದಿನಗಳಲ್ಲಿ ನಮ್ಮ ಕರ್ನಾಟಕದವರೇ ಆದ ದೊಡ್ಡ ಗಣೇಶ್ ಮಾತನಾಡಿದರು. ರಾಜ್ಯ ತಂಡದ ವೇಗದ ಬೌಲರ್ ಆಗಿ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳನ್ನಾಡಿದವರು, 1997ರಲ್ಲಿ ಭಾರತದ ಪರ ನಾಲ್ಕು ಟೆಸ್ಟ್ ಆಡಿದವರು. ಆಡುತ್ತಿದ್ದ ಕಾಲದಲ್ಲಿ ತಾನೂ ಬಣ್ಣದ ನಿಂದೆಯನ್ನು ಅನುಭವಿಸಿದ್ದಾಗಿಯೂ, ಅದಕ್ಕೆ ಭಾರತದ ಒಬ್ಬ ದಿಗ್ಗಜ ಮಾತ್ರ ಸಾಕ್ಷಿಯಾಗಿದ್ದುದಾಗಿಯೂ ಅವರು ಬರೆದರು. 90ರ ದಶಕದಲ್ಲಿ ಅದರ ಗಾಂಭೀರ್ಯವೇ ತನಗೆ ತಿಳಿದಿರಲಿಲ್ಲ, ಹೇಳಿಕೊಳ್ಳಲು ವೇದಿಕೆಯೂ ಇರಲಿಲ್ಲ ಎಂದರು. ನಿಂದಿಸಿದವರು ಯಾರು, ಸಾಕ್ಷಿಯಾಗಿದ್ದವರು ಯಾರು, ಆ ಸಾಕ್ಷಿ ಆಗ ಏನು ಮಾಡಿದರು ಎಂಬುದನ್ನು ಅವರು ಹೇಳಲಿಲ್ಲ. ನಾವೂ ಊಹಿಸಬಾರದು. ಗುಮಾನಿಯೂ ಪಾಪವೇ. ಆದರೆ 'ಸಾಕ್ಷಿ' ಎಂದು ಅವರು ಬಳಸಿದ ಪದ ನಮ್ಮನ್ನು ಬಹಳ ದಿನ ಕಾಡಿತು.

ಅವರ ಮಾತಿಗೆ ನೆಪವಾದದ್ದು ತಮಿಳುನಾಡಿನ ಅಭಿನವ್ ಮುಕುಂದ್ ಅವರ ಅನುಭವ. 2017ರಲ್ಲಿ ಭಾರತ ತಂಡದೊಂದಿಗೆ ಶ್ರೀಲಂಕಾ ಪ್ರವಾಸದಲ್ಲಿದ್ದಾಗಲೇ ಅವರು, ಚಿಕ್ಕಂದಿನಿಂದ ತನ್ನ ಮೈಬಣ್ಣವನ್ನು ಕುರಿತು ಕೇಳಿದ ಮಾತುಗಳ ಬಗ್ಗೆ ಬಹಿರಂಗ ಪತ್ರ ಬರೆದಿದ್ದರು. ಇದು ತಂಡದವರ ಮೇಲಿನ ಆರೋಪವಲ್ಲವೆಂದು ಸ್ಪಷ್ಟಪಡಿಸಬೇಕಾಗಿ ಬಂದಿತ್ತು. ಬಿಸಿಲಲ್ಲಿ ಇಡೀ ದಿನ ಆಡುವವನ ಮೈ ಕಪ್ಪಾಗದೆ ಇನ್ನೇನಾದೀತು?

ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿ ಸಾಕ್ಷ್ಯವನ್ನು ಕುರಿತು ಒಂದು ಆದೇಶವಿದೆ. ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಬೇಕು, ಅದು ನಿಮಗೇ ವಿರುದ್ಧವಾಗಿದ್ದರೂ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾಗಿದ್ದರೂ ಸರಿ ಎಂಬುದು ಅದರ ತಾತ್ಪರ್ಯ. ಎದುರಾಳಿಯ ವಿರುದ್ಧ ಸಾಕ್ಷಿ ಹೇಳುವುದು ಸುಲಭ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರು ನಿಂದಿಸಿದಾಗ ಹೈದರಾಬಾದಿನ ಹುಡುಗ ಮುಹಮ್ಮದ್ ಸಿರಾಜ್ ಅಂಪೈರ್ ಬಳಿಗೆ ನಡೆದರು. ನಾಯಕ ಅಜಿಂಕ್ಯ ರಹಾನೆ ಜೊತೆಗೆ ನಿಂತರು, ಆಟ ನಿಂತಿತು, ಆರು ಮಂದಿಯನ್ನು ಕ್ರೀಡಾಂಗಣದಿಂದ ಹೊರಗೆ ಕಳಿಸಲಾಯಿತು. ತಂದೆಯನ್ನು ಕಳೆದುಕೊಂಡು ಎರಡು ತಿಂಗಳೂ ಆಗಿರದ ಹುಡುಗ. ಅವರದ್ದು ಧೈರ್ಯವೇ. ಆದರೆ ಅಂದು ಅವರ ಹಿಂದೆ ಇಡೀ ದೇಶವಿತ್ತು. ಇದೇ ದೇಶದ ವಡೋದರಾ ಮತ್ತು ಮುಂಬಯಿಯಲ್ಲಿ 2007ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್‌ರನ್ನು ನೋಡಿ ನಮ್ಮ ಪ್ರೇಕ್ಷಕರು ಕೋತಿಯಂತೆ ಕೂಗಿದ್ದನ್ನೂ ನೆನಪಿಡಬೇಕು. ಆಗ ಆ ಸಾಲಿನಲ್ಲಿದ್ದವರಲ್ಲಿ ಎಷ್ಟು ಮಂದಿ ಪಕ್ಕದವನ ಬಾಯಿ ಮುಚ್ಚಿಸಿದರು?

ಸ್ವಂತ ಕೋಣೆಯಲ್ಲಿ ಸಾಕ್ಷಿಯಾಗುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಏಕೆಂದರೆ ನಾವು ಆ ಪರೀಕ್ಷೆಯಲ್ಲಿ ಸೋತವರು.

ನಾವು ಮದರಸದಲ್ಲಿ ಹದೀಸ್ ಕಲಿಯುತ್ತಿದ್ದ ಕಾಲ. ಅಸರ್‌ನಿಂದ ಮಗ್‌ರಿಬ್‌ವರೆಗೆ ವಾಲಿಬಾಲ್ ಆಡಲು ಅನುಮತಿಯಿತ್ತು. ನಮ್ಮ ತರಗತಿಯಲ್ಲಿ ಒಬ್ಬ ಬಡ ಮನೆಯ ಹುಡುಗನಿದ್ದ, ಕಡುಕಪ್ಪು, ನೆಟ್ ಬಳಿ ಅವನು ಹಾರಿದರೆ ಚೆಂಡು ಎದುರಿನವರಿಗೆ ಕಾಣುತ್ತಿರಲಿಲ್ಲ. ಅವನಿಗೆ ನಾವಿಟ್ಟ ಹೆಸರು ಹಬಶಿ. ಒಂದು ಬೆಳಿಗ್ಗೆ ಉಸ್ತಾದರು ಬುಖಾರಿಯಿಂದ ಅಬೂದರ್ರ್(ರ) ಅವರ ಪ್ರಸಂಗವನ್ನು ಪಾಠ ಮಾಡಿದರು. ಅಬೂದರ್ರ್(ರ) ಸಿಟ್ಟಿನಲ್ಲಿ ಒಬ್ಬ ವ್ಯಕ್ತಿಯನ್ನು ಅವನ ತಾಯಿಯ ಮೂಲ ಹಿಡಿದು ಹಳಿದರು. ಆ ವ್ಯಕ್ತಿ ಹ. ಬಿಲಾಲ್(ರ) ಎಂದು ಬೇರೆ ವರದಿಗಳಲ್ಲಿದೆ. ವಿಷಯ ತಿಳಿದ ಪ್ರವಾದಿ(ಸ), ಅಬೂದರ್ರ್‌ರಲ್ಲಿ ಅಜ್ಞಾನಕಾಲದ ಗುಣ ಇನ್ನೂ ಉಳಿದಿದೆ ಎಂದರು. ಅಬೂದರ್ರ್(ರ) ಸಾಮಾನ್ಯರಲ್ಲ, ಮೊದಲ ಸಾಲಿನ ಸಹಾಬಿ, ಹೊರಗಿನ ಶತ್ರುವಲ್ಲ. ಪ್ರವಾದಿಯವರು(ಸ) ತಮ್ಮ ಸ್ವಂತ ಸಂಗಾತಿಗೇ ಮುಖಕ್ಕೆ ಹೇಳಿದರು. ಸಹಾಬಿ ಕೆನ್ನೆಯನ್ನು ನೆಲಕ್ಕಿಟ್ಟು ಬಿಲಾಲ್‌ರಿಗೆ ತುಳಿಯಲು ಹೇಳಿದರೆಂಬ ಕಥೆಯನ್ನು ನಮ್ಮ ವಾಇಝ್‌ಗಳು ಕಣ್ಣೀರು ಬರುವಂತೆ ಹೇಳುತ್ತಾರೆ. ಬುಖಾರಿಯಲ್ಲಿ ಅದಿಲ್ಲ. ಅಲ್ಲಿರುವುದು ಅದಕ್ಕಿಂತ ದೊಡ್ಡದು. ಸೇವಕರು ನಿಮ್ಮ ಸಹೋದರರು, ನೀವು ಉಣ್ಣುವುದನ್ನು ಅವರಿಗೆ ಉಣಿಸಿ, ಉಡುವುದನ್ನು ಉಡಿಸಿ ಎಂಬ ಆದೇಶವಿದೆ. ವರ್ಷಗಳ ಬಳಿಕವೂ ಅಬೂದರ್ರ್(ರ) ತಮ್ಮ ಸೇವಕನಿಗೆ ತಮ್ಮಂತಹದೇ ಬಟ್ಟೆ ತೊಡಿಸಿದ್ದರು, ಅದನ್ನು ಕಂಡು ಪ್ರಶ್ನಿಸಿದವನಿಗೆ ಈ ಪ್ರಸಂಗವನ್ನು ಸ್ವತಃ ಅವರೇ, ತಮ್ಮ ತಪ್ಪನ್ನು ಮುಚ್ಚಿಡದೆ ಹೇಳಿದರು.

ಈ ಪಾಠವನ್ನು ನಾವು ನೋಟ್ ಪುಸ್ತಕದಲ್ಲಿ ಅಂದವಾಗಿ ಬರೆದುಕೊಂಡೆವು. ಅದೇ ಸಂಜೆ ನೆಟ್ ಬಳಿ ನಿಂತು ಕೂಗಿದೆವು, 'ಹಬಶೀ, ಹೊಡಿ!' ಇಪ್ಪತ್ತು ಹುಡುಗರಲ್ಲಿ ಒಬ್ಬನಿಗೂ ಬೆಳಗಿನ ಪಾಠ ನೆನಪಾಗಲಿಲ್ಲ. ಅವನು ನಕ್ಕನು, ಹೊಡೆದನು, ಪಾಯಿಂಟ್ ಬಂತು. ಆ ರಮಝಾನ್ ರಜೆಗೆ ಊರಿಗೆ ಹೋದವನು ಹಿಂತಿರುಗಲಿಲ್ಲ. ಬಡತನ ಎಂದರು. ಎಷ್ಟೋ ವರ್ಷಗಳ ನಂತರ ಗಡಿಯಾಚೆಯ ಮಿರಜ್‌ನಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ. ನಾವು ಕ್ಷಮೆ ಕೇಳಿದೆವು. "ಬಡತನ ಇದ್ದದ್ದು ಖರೆ. ಹೊಟ್ಟೆಗಿಲ್ಲದಿದ್ದರೂ ಹೇಗೋ ಓದುತ್ತಿದ್ದೆ. ಆ ಹದೀಸ್ ಓದಿದ ದಿನ ನೀವು ಯಾರಾದರೂ ಒಬ್ಬರು ನನ್ನ ಹೆಸರು ಹಿಡಿದು ಕರೆಯುತ್ತೀರೆಂದು ಮಗ್‌ರಿಬ್‌ವರೆಗೆ ಕಾದಿದ್ದೆ" ಎಂದನು. ಅಷ್ಟು ಹೇಳಿ ನಮ್ಮನ್ನು ಊಟಕ್ಕೆ ಎಬ್ಬಿಸಿಕೊಂಡು ಹೋದನು.

ಇನ್ನು ಅಝೀಮ್ ರಫೀಕ್ ಅವರ ವಿಷಯ. ಕರಾಚಿಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ಯಾರ್ಕ್‌ಷೈರ್ ತಂಡದ ನಾಯಕತ್ವವನ್ನೂ ವಹಿಸಿದ್ದ ಆಟಗಾರ. ತಂಡದೊಳಗೆ ಪಾಕಿಸ್ತಾನಿ ಮೂಲವನ್ನು ಹಿಡಿದು ಆಡುತ್ತಿದ್ದ ಬೈಗುಳ, ಬಾಲಕನಾಗಿದ್ದಾಗ ಬಾಯಿಗೆ ಬಲವಂತವಾಗಿ ಸುರಿದ ಮದ್ಯ, ಇವೆಲ್ಲವನ್ನೂ 2020ರಿಂದ ಹೊರಗಿಡತೊಡಗಿದರು. ಕ್ಲಬ್ ತನಿಖೆ ಮಾಡಿಸಿತು. 43 ಆರೋಪಗಳಲ್ಲಿ 7ನ್ನು ಒಪ್ಪಿಕೊಂಡು, ಯಾರ ಮೇಲೂ ಶಿಸ್ತುಕ್ರಮವಿಲ್ಲ ಎಂದಿತು. ಆ ಬೈಗುಳವನ್ನು ಗೆಳೆಯರ ನಡುವಿನ ತಮಾಷೆಯೆಂದು ವರದಿ ಬಗೆದದ್ದು ಬಯಲಾದಾಗ ಪ್ರಾಯೋಜಕರು ಬಿಟ್ಟು ಹೋದರು, ಅಧ್ಯಕ್ಷರು ರಾಜೀನಾಮೆ ಕೊಟ್ಟರು. 2021ರ ನವೆಂಬರ್ 16ರಂದು ರಫೀಕ್ ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು. ಮಾತಿನ ಮಧ್ಯೆ ಹಲವು ಬಾರಿ ಗಂಟಲು ಕಟ್ಟಿತು. 2023ರಲ್ಲಿ ಕ್ಲಬ್ಬಿಗೆ 4 ಲಕ್ಷ ಪೌಂಡ್ ದಂಡ ಬಿತ್ತು, ಅಂಕಗಳೂ ಕಡಿತವಾದವು.

ನವೆಂಬರ್ 16ರಂದು ನಮ್ಮ ಪರಿಚಯದ ಎಲ್ಲ ಮೊಬೈಲುಗಳಲ್ಲಿ ರಫೀಕ್ ಇದ್ದರು. 18ರಂದು ಇನ್ನೊಂದು ಸುದ್ದಿ ಬಂತು. 2011ರಲ್ಲಿ, ತನ್ನ 19ರ ವಯಸ್ಸಿನಲ್ಲಿ, ಯಹೂದಿಗಳನ್ನು ಹಳಿಯುವ ಸಂದೇಶವನ್ನು ಅವರೇ ಒಬ್ಬ ಆಟಗಾರನಿಗೆ ಕಳಿಸಿದ್ದರು. ರಫೀಕ್ ನಿರಾಕರಿಸಲಿಲ್ಲ. ತನಗೆ ನಾಚಿಕೆಯಾಗುತ್ತಿದೆ, ಸಮರ್ಥನೆಯಿಲ್ಲ ಎಂದು ಯಹೂದಿ ಸಮುದಾಯದ ಕ್ಷಮೆ ಕೇಳಿದರು. ಆ ದಿನ ನಮ್ಮ ಮೊಬೈಲುಗಳು ಮೌನವಾದವು. ನಮ್ಮ ಅಭಿಪ್ರಾಯದಲ್ಲಿ ರಫೀಕ್ ಅತ್ಯಂತ ದೊಡ್ಡ ಸಾಕ್ಷ್ಯ ಹೇಳಿದ್ದು ಆ ಎರಡನೆಯ ದಿನ. ಫೆಲೆಸ್ತೀನಿನ ಮೇಲೆ ಇಸ್ರೇಲ್ ನಡೆಸುತ್ತಿರುವ ದೌರ್ಜನ್ಯವನ್ನು ಖಂಡಿಸುವುದು ಬೇರೆ, ಯಹೂದಿಯಾಗಿ ಹುಟ್ಟಿದನೆಂದು ಒಬ್ಬನನ್ನು ಗೇಲಿ ಮಾಡುವುದು ಬೇರೆ. ಈ ವ್ಯತ್ಯಾಸ ನಮ್ಮ ಪತ್ರಿಕೆಗಳ ಬರಹಗಳಲ್ಲಿಯೂ ಕೆಲವೊಮ್ಮೆ ಅಳಿಸಿ ಹೋಗುತ್ತದೆ ಎಂಬುದನ್ನು ಪತ್ರಕರ್ತರಾದ ನಾವು ಒಪ್ಪಿಕೊಳ್ಳಬೇಕು.

ಸಾಮಿಯವರ ವಿಷಯದಲ್ಲಿ ಅದೇ ತಂಡದಲ್ಲಿದ್ದ ಇರ್ಫಾನ್ ಪಠಾಣ್, ತಾನು ಅಂತಹ ಮಾತನ್ನು ಕೇಳಿಲ್ಲ ಎಂದರು. ಆದರೆ ಅದೇ ವಾರ ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಜನಾಂಗೀಯ ಭೇದ ಚರ್ಮದ ಬಣ್ಣಕ್ಕೆ ಸೀಮಿತವಲ್ಲ, ಬೇರೆ ಧರ್ಮದವನೆಂದು ಮನೆ ಕೊಳ್ಳಲು ಬಿಡದಿರುವುದೂ ಅದರದೇ ಭಾಗ ಎಂದರು. ಊರು ಬಿಟ್ಟು ನಗರಕ್ಕೆ ಹೋಗಿ ಬಾಡಿಗೆ ಮನೆ ಹುಡುಕಿದ ಪ್ರತಿಯೊಬ್ಬ ಮುಸ್ಲಿಮನಿಗೂ ಅದು ವಿವರಿಸಬೇಕಾದ ಮಾತಲ್ಲ.

2021ರ ಫೆಬ್ರವರಿಯಲ್ಲಿ ಉತ್ತರಾಖಂಡ ತಂಡದ ತರಬೇತುದಾರರಾಗಿದ್ದ ವಸೀಮ್ ಜಾಫರ್ ಹುದ್ದೆ ಬಿಟ್ಟಾಗ, ಅವರು ಧರ್ಮ ನೋಡಿ ಆಟಗಾರರನ್ನು ಆರಿಸುತ್ತಿದ್ದರು, ಶಿಬಿರಕ್ಕೆ ಮೌಲವಿಯನ್ನು ಕರೆಸಿದರು ಎಂಬ ಆರೋಪ ಹೊರಿಸಲಾಯಿತು. ಜಾಫರ್ ಒಂದೊಂದನ್ನೂ ಅಲ್ಲಗಳೆದರು. ದೇಶದ ದೊಡ್ಡ ಆಟಗಾರರಲ್ಲಿ ಬಹುತೇಕರು ಆಗ ಬಾಯಿ ತೆರೆಯಲಿಲ್ಲ. ನಿನ್ನ ಜೊತೆಗಿದ್ದೇನೆ, ನೀನು ಮಾಡಿದ್ದು ಸರಿ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದವರು ನಮ್ಮ ಅನಿಲ್ ಕುಂಬ್ಳೆ. ದೊಡ್ಡ ಗಣೇಶ್ ಕೂಡಾ ಬರೆದರು. ಅಂದು ಹೆಸರು ಹೇಳದೆ ತನ್ನ ನೋವನ್ನು ಹೇಳಿಕೊಂಡಿದ್ದವರೇ ಇಲ್ಲಿ ಇನ್ನೊಬ್ಬರ ನೋವಿಗೆ ಸಾಕ್ಷಿಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಕಿಸ್ತಾನದೆದುರು ಸೋತ ಬಳಿಕ ಮುಹಮ್ಮದ್ ಶಮಿಯನ್ನು ಧರ್ಮ ಹಿಡಿದು ನಿಂದಿಸಿದಾಗ ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರೆದುರು ಕುಳಿತು ಅದನ್ನು ಕಟುವಾಗಿ ಖಂಡಿಸಿದರು. ಅನ್ಯಾಯ ನಡೆದಾಗ ನಮ್ಮ ಜೊತೆ ಯಾರೂ ಇಲ್ಲ ಎಂದು ನಿರಾಶರಾಗುವ ಯುವಕರು ಈ ಹೆಸರುಗಳನ್ನೂ ನೆನಪಿಡುವುದು ನ್ಯಾಯ.

ನಮ್ಮ ನಾಡಿನಲ್ಲಿಯೇ ಹಬಶಿಗಳ ಸಂತತಿಯವರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿಗಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಅವರ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದಿತು. ಆಫ್ರಿಕ ಮೂಲದವರಾದ್ದರಿಂದ ಪದಕ ತರುವರೆಂಬುದು ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ನಿಲ್ಲಿಸಿದರು. ದೇಹವನ್ನು ಕಂಡು ಕರೆದವರಿಗೆ ಮನುಷ್ಯರ ಮುಂದಿನ ಬದುಕು ಕಾಣಲಿಲ್ಲ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಇಂದಿಗೂ ಬೆಂಗಳೂರಿನಂತಹ ಊರಿನಲ್ಲಿ ಕನ್ನಡ, ಕೊಂಕಣಿ ಮಾತನಾಡುವ ಸಿದ್ದಿ ಯುವಕನನ್ನು ಯಾವ ದೇಶದವನು ಎಂದು ಕೇಳುವವರಿದ್ದಾರೆ. ನಮ್ಮ ಜಮಾಅತ್‌ಗಳಲ್ಲಿ ಸಿದ್ದಿ ಮುಸ್ಲಿಮ್ ಕುಟುಂಬದೊಂದಿಗೆ ವಿವಾಹ ಸಂಬಂಧ ಬೆಳೆಸಿದವರೆಷ್ಟು ಎಂದು ಕೇಳಿದರೆ ಸಭೆಯಲ್ಲಿ ತಲೆಗಳು ತಗ್ಗುತ್ತವೆ. ಇಲ್ಲಿಯೂ ತಗ್ಗುತ್ತಿವೆ.

ಹೆತ್ತವರಿಗೂ ಒಂದು ಮಾತು. ಮೈದಾನದ ಬೈಗುಳ ಮೈದಾನದಲ್ಲಿ ಹುಟ್ಟುವುದಿಲ್ಲ. ಹೆಣ್ಣು ನೋಡಲು ಹೋಗಿ ಬಂದ ತಾಯಿ ಮನೆಯ ಬಾಗಿಲಲ್ಲೇ 'ಹುಡುಗಿ ಚೊಲೋ ಅದಾಳ, ಬಣ್ಣ ಕಡಿಮೆ' ಎನ್ನುವುದನ್ನು ಹತ್ತು ವರ್ಷದ ಮಗ ಕೇಳುತ್ತಾನೆ. ನದಾಫರು, ಛಪ್ಪರ್‌ಬಂದರು, ಕಸಾಯಿಗಳು ಎಂದು ಬಿರಾದರಿಯ ಹೆಸರನ್ನೇ ಕೀಳು ದನಿಯಲ್ಲಿ ಉಚ್ಚರಿಸುವ ತಂದೆಯನ್ನು ಅವನು ಕೇಳುತ್ತಾನೆ. ದಲಿತ ಕೇರಿಯ ಗೆಳೆಯನಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟದ್ದನ್ನು ನೋಡುತ್ತಾನೆ. 2020ರಲ್ಲಿ ಒಂದು ಪ್ರಸಿದ್ಧ ಕ್ರೀಮ್ ಕಂಪನಿ ತನ್ನ ಉತ್ಪನ್ನದ ಹೆಸರಿನಿಂದ 'ಫೇರ್' ಎಂಬ ಶಬ್ದವನ್ನು ತೆಗೆದುಹಾಕಿತು. ವ್ಯಾಪಾರಿಗಳಿಗೆ ನಾಚಿಕೆಯಾಗುವಷ್ಟಾದರೂ ನಮಗೆ ಆಗಬೇಡವೇ?

ಏನು ಮಾಡಬೇಕೆಂದು ಯುವಕರು ಕೇಳಿದರೆ, ಸಾಮಿಯವರು ಅನುಸರಿಸಿದ ಕ್ರಮವನ್ನೇ ನಾವು ತೋರಿಸುತ್ತೇವೆ. ಅವರು ಯಾರ ಹೆಸರನ್ನೂ ಎಳೆಯದೆ, ನನ್ನನ್ನು ಹಾಗೆ ಕರೆದವರು ನನ್ನೊಂದಿಗೆ ಮಾತನಾಡಲಿ ಎಂದರು. ಕೆಲವೇ ದಿನಗಳಲ್ಲಿ ಒಬ್ಬರು ಮಾತನಾಡಿದರು. ದ್ವೇಷದಿಂದ ಕರೆದದ್ದಲ್ಲ ಎಂದರಂತೆ. ಸಾಮಿ ಅದನ್ನು ನಂಬಿದರು, ಇತರರಿಗೆ ತಿಳಿಹೇಳುವ ದಾರಿ ಹುಡುಕೋಣ ಎಂದರು. ಆದರೆ ಎಲ್ಲ ಕಡೆ ಇದು ಸಾಲದು. ರಫೀಕ್ ತಮ್ಮ ಸಂಸ್ಥೆಯ ಬಾಗಿಲು ತಟ್ಟಿ ಸೋತ ನಂತರವೇ ಸಂಸತ್ತಿಗೆ ಹೋಗಬೇಕಾಯಿತು.

ಇನ್ನೊಂದು ಕ್ರಮವನ್ನು ನಾವು ಇದೇ ಜಿಲ್ಲೆಯ ಒಂದು ಊರಿನಲ್ಲಿ ಕಣ್ಣಾರೆ ಕಂಡಿದ್ದೇವೆ. ಟೆನಿಸ್ ಚೆಂಡಿನ ಪಂದ್ಯಾವಳಿ. ಮೈಕಿನಲ್ಲಿ ವೀಕ್ಷಕ ವಿವರಣೆ ನಡೆದಿತ್ತು. ಒಂದು ತಂಡದ ಆರಂಭಿಕ ಬೌಲರನನ್ನು ವಿವರಣೆಕಾರ 'ಕಾಲ್ಯಾ' ಎಂದೇ ಕರೆಯುತ್ತಿದ್ದನು. ಸ್ಕೋರ್ ಪುಸ್ತಕದಲ್ಲಿಯೂ ಹಾಗೆಯೇ ಬರೆದಿದ್ದರು, ತಂಡದವರೇ ಬರೆಸಿದ್ದು. ಎರಡು ಓವರ್ ಆಯಿತು. ಮೈದಾನದ ಪಕ್ಕದ ಮಾಳಿಗೆಯ ಮೇಲೆ ಹೆಂಗಸರು ನಿಂತು ನೋಡುತ್ತಿದ್ದರು, ಅವರಲ್ಲಿ ಆ ಹುಡುಗನ ತಾಯಿಯೂ ಇದ್ದರು. ಮೂರನೆಯ ಓವರಿಗೆ ಮೊದಲು ಆ ತಂಡದ ನಾಯಕ, ಇನ್ನೂ ಮೀಸೆ ಸರಿಯಾಗಿ ಮೂಡಿರದ ಹುಡುಗ, ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಮೈಕಿನ ಬಳಿಗೆ ನಡೆದನು. "ಅವನ ಹೆಸರು ಹೇಳ್ರಿ, ಇಲ್ಲಾ ಅಂದ್ರ ನಾವು ಆಡೂದಿಲ್ಲ. ಬರೆಸಿದ್ದು ನಾವss, ತಪ್ಪು ನಮ್ದss" ಎಂದನು. ಸಂಘಟಕರು ರೇಗಿದರು. ಪ್ರವೇಶ ಶುಲ್ಕ ಹಿಂದಿರುಗಿಸುವುದಿಲ್ಲ ಎಂದರು. ಹತ್ತು ನಿಮಿಷ ಆಟ ನಿಂತಿತು. ಕೊನೆಗೆ ಒಬ್ಬ ಹಿರಿಯರು ಹೋಗಿ ಪುಸ್ತಕ ತರಿಸಿ, ಆ ಶಬ್ದದ ಮೇಲೆ ಗೆರೆ ಎಳೆದು, ಹುಡುಗನನ್ನೇ ಹತ್ತಿರ ಕರೆದು ಹೆಸರು ಕೇಳಿ ಬರೆದರು. ಬಹಳ ಹೊತ್ತಿನವರೆಗೆ ವಿವರಣೆಕಾರನ ನಾಲಿಗೆ ಹಳೆಯ ಶಬ್ದಕ್ಕೇ ಜಾರುತ್ತಿತ್ತು, ಅರ್ಧಕ್ಕೆ ತಡೆದು ಹೆಸರು ಹೇಳುತ್ತಿದ್ದನು. ಆ ತಂಡ ಪಂದ್ಯವನ್ನು ಸೋತಿತು.

ಇಲ್ಲಿ ನಿಮ್ಮ ಪಂದ್ಯಗಳು ಅಸರ್ ನಮಾಝಿನ ಬಳಿಕ ಮುಂದುವರಿಯಲಿವೆ ಎಂದು ಸಂಘಟಕರು ತಿಳಿಸಿದ್ದಾರೆ. ಸ್ಕೋರ್ ಪುಸ್ತಕ ಈ ಮೇಜಿನ ಮೇಲೆಯೇ ಇದೆ. ನಾಯಕರು ಬಂದು ಒಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.